ಹೂವಿನತ್ತ ಚಾಚಿದ ಕೈ

ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದ ಹರ್ಮಿಟೇಜ್ ವಸ್ತುಸಂಗ್ರಹಾಲಯದಲ್ಲಿ ಲಿಯೊನಾರ್ಡೊ ದ ವಿಂಚಿಯ ಒಂದು ಚಿಕ್ಕ ವರ್ಣಚಿತ್ರವಿದೆ. ಎತ್ತರ ಒಂದೂವರೆ ಅಡಿಗಿಂತ ತುಸು ಹೆಚ್ಚು, ಅಗಲ ಸುಮಾರು ಒಂದಡಿ. ನಮ್ಮ ಮನೆಗಳ ದೇವರ ಕೋಣೆಯಲ್ಲಿ ತೂಗುಹಾಕುವ ಪಟಗಳಷ್ಟೇ ಗಾತ್ರ. ತಾಯಿ ಮೇರಿ, ಅವಳ ತೊಡೆಯ ಮೇಲೆ ಶಿಶು ಯೇಸು, ಇಬ್ಬರ ನಡುವೆ ಕೆಲವು ಪುಟ್ಟ ಹೂಗಳು, ಚಿತ್ರದಲ್ಲಿರುವುದು ಇಷ್ಟೇ. ಹೂವಿನೊಡನಿರುವ ಮಡೋನ್ನಾ ಎಂದೂ, ಒಂದು ಕಾಲಕ್ಕೆ ಅದರ ಒಡೆತನ ಹೊಂದಿದ್ದ ಮನೆತನದ ಹೆಸರಿನಿಂದ ಬೆನುವಾ ಮಡೋನ್ನಾ ಎಂದೂ ಅದನ್ನು ಕರೆಯುತ್ತಾರೆ. ಮಡೋನ್ನಾ ಎಂದರೆ ಇಟಲಿಯ ನುಡಿಯಲ್ಲಿ ಒಡತಿ, ತಾಯಿ ಮೇರಿಗೆ ಅಲ್ಲಿನವರು ಸಲ್ಲಿಸುವ ಗೌರವದ ಹೆಸರು.

ಮೂಲಚಿತ್ರವನ್ನು ನಾನು ಕಂಡವನಲ್ಲ. ಸೋವಿಯತ್ ಒಕ್ಕೂಟವಿದ್ದ ಕಾಲದಲ್ಲಿ ಆ ದೇಶದಲ್ಲಿ ಅಚ್ಚಾದ ಪುಸ್ತಕಗಳು ನಮ್ಮ ಊರುಗಳಿಗೂ ಬಂದು ಅಗ್ಗದ ಬೆಲೆಗೆ ಮಾರಾಟವಾಗುತ್ತಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ಅಂಥ ಒಂದು ಪುಸ್ತಕ ಪ್ರದರ್ಶನದಲ್ಲಿ ಕೊಂಡ ಚಿತ್ರಸಂಪುಟದಲ್ಲಿ ಇದರ ಪ್ರತಿಯಿದೆ. ಬಹಳ ವರ್ಷಗಳ ಕಾಲ ಅದು ನನ್ನ ಕಣ್ಣಿಗೆ ಒಂದು ಸೊಗಸಾದ ಚಿತ್ರವಷ್ಟೇ ಆಗಿತ್ತು. ಈಚೆಗೆ ನಮ್ಮ ಮನೆಯಲ್ಲಿ ಎದ್ದ ಒಂದು ಪ್ರಶ್ನೆಯ ದೆಸೆಯಿಂದ ಅದರ ಚರಿತ್ರೆಯನ್ನು ಗಮನವಿಟ್ಟು ಓದಬೇಕಾಯಿತು. ಆ ಪ್ರಶ್ನೆ ಯಾವುದೆಂಬುದನ್ನು ಮುಂದೆ ಅರಿಕೆ ಮಾಡುತ್ತೇನೆ.

ಲಿಯೊನಾರ್ಡೊ ಹುಟ್ಟಿದ್ದು 1452ರಲ್ಲಿ. ಫ್ಲಾರೆನ್ಸ್ ನಗರದಲ್ಲಿ ವೆರೋಕ್ಕಿಯೊ ಎಂಬ ಶಿಲ್ಪಿಯ ಬಳಿ ವಿದ್ಯೆ ಕಲಿತ. ಅವನ ಕೈಬರಹವಿರುವ ಒಂದು ಹಾಳೆ ಆ ನಗರದ ಉಫಿತ್ಸಿ ಸಂಗ್ರಹದಲ್ಲಿದೆ. ತಾನು ಎರಡು ಮೇರಿಚಿತ್ರಗಳನ್ನು 1478ರಲ್ಲಿ ಆರಂಭಿಸಿದ್ದಾಗಿ ಅದರಲ್ಲಿ ಬರೆದುಕೊಂಡಿದ್ದಾನೆ. ತಿಂಗಳ ಹೆಸರಿನ ಮೊದಲ ಭಾಗ ಈಗ ಉಳಿದಿಲ್ಲ. ಆ ಎರಡರಲ್ಲಿ ಒಂದು ಇದೇ ಎಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಹಾಗಾದರೆ ಅದನ್ನು ತೊಡಗಿದಾಗ ಅವನ ವಯಸ್ಸು 26.

ಆ ಹಿಂದಿನ ಮೇರಿಚಿತ್ರಗಳನ್ನು ನೋಡಿದವರಿಗೆ ಇದರ ಹೊಸತನ ಒಡನೆಯೇ ತಿಳಿಯುತ್ತದೆ. ಚಿನ್ನದ ಹಿನ್ನೆಲೆಯಿಲ್ಲ, ಸಿಂಹಾಸನವಿಲ್ಲ, ದೇವದೂತರಿಲ್ಲ. ಕತ್ತಲೆ ಕವಿದ ಕೋಣೆ. ಹಿಂದೆ ಒಂದು ಕಿಟಕಿ, ಅದರಾಚೆ ಬರಿಯ ಬೆಳಕು. ತಾಯಿಗೆ ಇನ್ನೂ ಹುಡುಗಿಯ ವಯಸ್ಸು. ಕೂದಲನ್ನು ಹೆಣೆದು ಕಟ್ಟಿದ್ದಾಳೆ, ಬಾಯಿ ತುಸು ತೆರೆದು ನಗುತ್ತಿದ್ದಾಳೆ. ಬರ್ನಾರ್ಡ್ ಬೆರೆನ್ಸನ್ ಎಂಬ ಹೆಸರಾಂತ ಕಲಾವಿಮರ್ಶಕನಿಗೆ ಈ ಮುಖ ಹಿಡಿಸಲಿಲ್ಲ. ಬೋಳು ಹಣೆ, ಹಲ್ಲಿಲ್ಲದ ನಗೆ ಎಂದು ಹಳಿದುಬಿಟ್ಟ. ಎಳೆಯ ತಾಯಂದಿರು ಮಗುವಿನೊಡನೆ ಆಡುವಾಗ ತಮ್ಮ ಮುಖ ಹೇಗೆ ಕಾಣುತ್ತದೆಂದು ಯೋಚಿಸುವುದಿಲ್ಲವೆಂಬುದು ಆ ಪಂಡಿತನಿಗೆ ಹೊಳೆಯಲಿಲ್ಲವೆಂದು ತೋರುತ್ತದೆ. ಮಗುವಾದರೋ ನಗುತ್ತಿಲ್ಲ. ಅದಕ್ಕೆ ಹೂವಲ್ಲದೆ ಬೇರೆ ಲೋಕವಿಲ್ಲ. ಹೂ ಹಿಡಿದ ತಾಯಿಯ ಕೈಯನ್ನು ಪುಟ್ಟ ಕೈಗಳಿಂದ ತನ್ನತ್ತ ತಂದುಕೊಂಡು, ಕಣ್ಣನ್ನು ಅಲ್ಲಿಯೇ ನೆಟ್ಟು, ದೊಡ್ಡವರು ಲೆಕ್ಕ ನೋಡುವಾಗ ಇರುವಷ್ಟು ಗಂಭೀರವಾಗಿದೆ.

ಆ ಹೂವಿಗೆ ನಾಲ್ಕು ದಳ. ನಮ್ಮ ಹಿತ್ತಿಲಿನ ಸಾಸಿವೆ, ಮೂಲಂಗಿಗಳ ಹೂವನ್ನು ಕಂಡವರಿಗೆ ಅದರ ಆಕಾರ ಗೊತ್ತು. ಎದುರುಬದುರಾಗಿ ಎರಡೆರಡು ದಳ. ಐರೋಪ್ಯ ಸಸ್ಯಶಾಸ್ತ್ರಜ್ಞರು ಈ ಕುಲಕ್ಕೆ ಶಿಲುಬೆ ಹೊತ್ತ ಗಿಡಗಳೆಂಬ ಅರ್ಥದ ಹೆಸರನ್ನೇ ಇಟ್ಟಿದ್ದರು. ಮಗು ಬೆಳೆದು ಶಿಲುಬೆಯ ಮೇಲೆ ಪ್ರಾಣ ನೀಗಲಿದೆ. ಆ ಮರಣದ ಗುರುತನ್ನೇ ತಾಯಿ ಆಟಿಕೆಯೆಂದು ಮಗುವಿಗೆ ತೋರುತ್ತಿದ್ದಾಳೆ, ಮಗು ಅದನ್ನು ಆಸೆಯಿಂದ ಹಿಡಿಯುತ್ತಿದೆ. ಚಿತ್ರವನ್ನು ನೋಡುತ್ತ ಪ್ರಾರ್ಥಿಸುವವನಿಗೆ ತಿಳಿದಿರುವ ಸಂಗತಿ ಚಿತ್ರದೊಳಗಿನ ತಾಯಿಗೆ ತಿಳಿದಿಲ್ಲ. ಕ್ರೈಸ್ತ ಭಕ್ತರ ಹೃದಯವನ್ನು ಇದು ಹೇಗೆ ಕಲಕುತ್ತಿತ್ತೆಂಬುದನ್ನು ಊಹಿಸುವುದು ಅನ್ಯಮತೀಯರಾದ ನಮಗೂ ಕಷ್ಟವಲ್ಲ.

ಇಂಥ ಚಿಕ್ಕ ಚಿತ್ರಗಳು ಫ್ಲಾರೆನ್ಸಿನ ಗೃಹಸ್ಥರ ಮಲಗುವ ಕೋಣೆಗಳಲ್ಲಿ ಇರುತ್ತಿದ್ದವು. ಮನೆಯ ಹೆಂಗಸರೂ ಮಕ್ಕಳೂ ದಿನವೂ ಅವುಗಳ ಮುಂದೆ ಮೊಣಕಾಲೂರುತ್ತಿದ್ದರು. 15ನೇ ಶತಮಾನದ ಆರಂಭದಲ್ಲಿ ಜೊವಾನ್ನಿ ದೊಮಿನಿಚಿ ಎಂಬ ಸಂನ್ಯಾಸಿ ಒಬ್ಬ ಗೃಹಿಣಿಗಾಗಿ ಸಂಸಾರಧರ್ಮದ ಒಂದು ಗ್ರಂಥ ಬರೆದ. ಮನೆಯಲ್ಲಿ ಶಿಶು ಯೇಸುವಿನ ಚಿತ್ರಗಳನ್ನಿಡಬೇಕು, ಮಕ್ಕಳು ತಮ್ಮಂಥ ಮಗುವನ್ನು ಕಂಡು ಒಲಿಯುತ್ತಾರೆ ಎಂದು ಅದರಲ್ಲಿ ಹೇಳುತ್ತಾನೆ. ಆದರೆ ಚಿನ್ನ ಬೆಳ್ಳಿಗಳಿಂದ ಅವುಗಳನ್ನು ಅತಿಯಾಗಿ ಸಿಂಗರಿಸಬಾರದು, ದೀಪದ ಬೆಳಕಿನಲ್ಲಿ ಹೊಳೆಯುವ ಬಂಗಾರಕ್ಕೆ ಕೈಮುಗಿಯುವುದನ್ನು ಮಕ್ಕಳು ಕಲಿತುಬಿಡುತ್ತಾರೆ ಎಂಬ ಎಚ್ಚರಿಕೆಯನ್ನೂ ಕೊಡುತ್ತಾನೆ. ಪ್ರತಿ ವರ್ಷವೂ ಮೂರ್ತಿಗೊಂದು ಬೆಳ್ಳಿಯ ಕವಚ, ಬಾಗಿಲಿಗೊಂದು ಹಿತ್ತಾಳೆಯ ಹೊದಿಕೆ ಎಂದು ಚಂದಾ ಎತ್ತುವ ನಮ್ಮ ಬಸದಿಗಳ ಸಮಿತಿಗಳವರು ಆ ಪುಟವನ್ನು ಒಮ್ಮೆ ಓದಿದರೆ ನಷ್ಟವೇನೂ ಇಲ್ಲ.

ಜೈನನಾದ ನನ್ನ ಕಣ್ಣು ಈ ಚಿತ್ರದಲ್ಲಿ ಮೊದಲು ಹೋಗಿ ನಿಲ್ಲುವುದು ಮಗುವಿನ ಕೈಯ ಮೇಲೆ. ಶಿಶು ಬೆತ್ತಲೆಯಾಗಿದೆ, ಹುಟ್ಟಿದಂತೆಯೇ ಇದೆ. ನಮ್ಮ ನಿರ್ಗ್ರಂಥ ಮುನಿಗಳ ರೂಪವನ್ನು ಶಾಸ್ತ್ರಗಳು ಯಥಾಜಾತ ರೂಪವೆಂದು ಕರೆಯುತ್ತವೆ. ಇಲ್ಲಿ ಮೈ ಯಥಾಜಾತವಾಗಿದ್ದರೂ ಕೈ ಮಾತ್ರ ಆಗಲೇ ಲೋಕದತ್ತ ಚಾಚಿಕೊಂಡಿದೆ. ಪರಿಗ್ರಹವೆಂಬ ಪದದಲ್ಲಿರುವ ಗ್ರಹವೆಂದರೆ ಹಿಡಿಯುವುದೇ ತಾನೆ? ಶ್ರವಣಬೆಳಗೊಳದ ಬಾಹುಬಲಿಯ ಕೈಗಳನ್ನು ನೆನೆಯಿರಿ. ಅವು ಏನನ್ನೂ ಹಿಡಿದಿಲ್ಲ. ತೋಳಿನಿಂದ ಇಳಿದು ಸುಮ್ಮನೆ ನಿಂತಿವೆ. ಬಳ್ಳಿಯೇ ಬಂದು ಅವನನ್ನು ಹಿಡಿದಿದೆ, ಕಾಲನ್ನು ಸುತ್ತಿ ತೋಳಿನವರೆಗೆ ಹಬ್ಬಿದೆ, ಅವನು ಅದನ್ನು ಕೊಡವಿಯೂ ಇಲ್ಲ, ಸವರಿಯೂ ಇಲ್ಲ. ಎಲ್ಲ ಮನುಷ್ಯರ ಬಾಳೂ ಫ್ಲಾರೆನ್ಸಿನ ಆ ಶಿಶುವಿನ ಕೈಗೂ ಬೆಳಗೊಳದ ಆ ಕೈಗೂ ನಡುವೆ ಎಲ್ಲೋ ನಡೆಯುತ್ತದೆ. ಹಾಗೆಂದು ಶಿಶುವನ್ನು ದೂಷಿಸುವಂತಿಲ್ಲ. ಹಿಡಿಯದೆ ಶಿಶು ಬೆಳೆಯಲಾರದು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ ಮೂರ್ಛೆಯಲ್ಲಿ ಕಂಡರು. ತನ್ನದೆಂಬ ಆ ಮೈಮರೆವು ಹಿಡಿತದೊಳಗೆ ಯಾವ ಗಳಿಗೆಯಲ್ಲಿ ಸೇರಿಕೊಳ್ಳುತ್ತದೆಂಬುದನ್ನು ಹೇಳುವುದೇ ಕಠಿಣ.

ಕಿತ್ತ ಹೂವಿನ ಮಾತೂ ಬರುತ್ತದೆ. ಸಸ್ಯವೂ ಏಕೇಂದ್ರಿಯ ಜೀವವೆಂದು ಬಗೆದು, ಉತ್ತರದ ತೇರಾಪಂಥಿ ದಿಗಂಬರರು ಪೂಜೆಯಲ್ಲಿ ಹೂ ಬಳಸದೆ ಕೇಸರಿ ಬಣ್ಣದ ಅಕ್ಕಿಯನ್ನೇ ಪುಷ್ಪವೆಂದು ಅರ್ಪಿಸುತ್ತಾರೆ. ನಮ್ಮ ಕಡೆ ಹೂವಿಲ್ಲದ ಪೂಜೆಯಿಲ್ಲ. ಈ ವಾದವನ್ನು ಇಲ್ಲಿ ಬೆಳೆಸುವ ಇಚ್ಛೆ ನನಗಿಲ್ಲ. ತಾಯಿಯ ಬೆರಳುಗಳು ಆ ಕಡ್ಡಿಯನ್ನು ಎಷ್ಟು ಹಗುರವಾಗಿ ಹಿಡಿದಿವೆಯೆಂಬುದನ್ನು ಮಾತ್ರ ಗಮನಿಸಬೇಕೆಂದು ಬಿನ್ನವಿಸುತ್ತೇನೆ.

ಇನ್ನು ಚಿತ್ರವನ್ನು ಹಿಡಿದವರ ವಿಚಾರ. ಅದು ಇಟಲಿಯಿಂದ ರಷ್ಯಕ್ಕೆ ಬಂದ ಬಗೆಗೆ ಒಂದು ರಮ್ಯ ಕಥೆಯಿದೆ. ಊರೂರು ಅಲೆಯುವ ಒಬ್ಬ ಇಟಲಿಯ ಸಂಗೀತಗಾರನಿಂದ ವೋಲ್ಗಾ ನದಿಯ ಮುಖದಲ್ಲಿರುವ ಆಸ್ಟ್ರಖಾನ್ ಪಟ್ಟಣದಲ್ಲಿ ವರ್ತಕರೊಬ್ಬರು ಕೊಂಡರಂತೆ. ಮುಂದೆ ದೊರೆತ ಒಂದು ಹಳೆಯ ಪಟ್ಟಿಯಿಂದ ತಿಳಿದದ್ದು ಬೇರೆ: ಜನರಲ್ ಕೊರ್ಸಕೋವ್ ಎಂಬವರ ಸಂಗ್ರಹದಿಂದ 1824ರಲ್ಲಿ ಅದು ಆಸ್ಟ್ರಖಾನಿನ ಸಪೋಜ್ನಿಕೋವ್ ಎಂಬ ವರ್ತಕ ಮನೆತನಕ್ಕೆ ಬಂದಿತು. ಅದೇ ವರ್ಷ ಚಿತ್ರದ ಬಣ್ಣದ ಪದರವನ್ನು ಮೂಲದ ಮರದ ಹಲಗೆಯಿಂದ ಬಿಡಿಸಿ ಬಟ್ಟೆಗೆ ವರ್ಗಾಯಿಸಿದರು. ಹೀಗೆ ಲಿಯೊನಾರ್ಡೊ ಬರೆದ ಹಲಗೆ ಹೋಯಿತು, ಬರೆಹ ಉಳಿಯಿತು. ದೇಹ ಬದಲಿಸುವ ಜೀವದ ದೃಷ್ಟಾಂತ ನಮ್ಮ ಓದುಗರಿಗೆ ತಾನಾಗಿ ತೋಚುತ್ತದೆ, ಅದನ್ನು ಹಿಗ್ಗಿಸಲಾರೆ.

ಆ ವರ್ತಕ ಮನೆತನದ ಮಗಳು ಮಾರಿಯಾ, ಲಿಯಾನ್ ಬೆನುವಾ ಎಂಬ ವಾಸ್ತುಶಿಲ್ಪಿಯನ್ನು ಮದುವೆಯಾದಳು. ಚಿತ್ರ ಅವಳೊಡನೆ ಬಂದಿತು. 1908–09ರಲ್ಲಿ ಪೀಟರ್ಸ್‌ಬರ್ಗಿನ ಒಂದು ಪ್ರದರ್ಶನದಲ್ಲಿ ಅದನ್ನು ಲಿಯೊನಾರ್ಡೊನ ಕೃತಿಯೆಂದು ಲೋಕಕ್ಕೆ ತೋರಿದ ಮೇಲೆ ವಿದೇಶದ ಕಲಾವ್ಯಾಪಾರಿಗಳು ದೊಡ್ಡ ಮೊತ್ತ ಹಿಡಿದು ಬಂದರು. ಮಾರಿಯಾ ಬೆನುವಾ ಚಿತ್ರ ತನ್ನ ದೇಶದಲ್ಲಿಯೇ ಉಳಿಯಬೇಕೆಂದು ಬಯಸಿದಳು. ಹೊರಗಿನವರು ಕೊಡಲು ಸಿದ್ಧರಿದ್ದುದಕ್ಕಿಂತ ಕಡಿಮೆ ಬೆಲೆಗೆ, 1 ಲಕ್ಷ 50 ಸಾವಿರ ರೂಬಲ್‌ಗಳಿಗೆ, ಅದೂ ಕಂತುಗಳಲ್ಲಿ ಸಲ್ಲುವಂತೆ ಒಪ್ಪಿ, 1914ರಲ್ಲಿ ಹರ್ಮಿಟೇಜಿಗೆ ಕೊಟ್ಟಳು.

ಇದನ್ನು ತ್ಯಾಗವೆಂದು ಕರೆಯಲು ನನಗೆ ಸಂಕೋಚವಿದೆ, ಏಕೆಂದರೆ ದೊರೆತ ಹಣವೂ ಅಲ್ಪವಲ್ಲ. ಲೋಭವೆನ್ನಲಂತೂ ಸಾಧ್ಯವಿಲ್ಲ. ಗೃಹಸ್ಥರಿಗೆ ಹೇಳಿದ ಪರಿಗ್ರಹ ಪರಿಮಾಣವ್ರತದ ಹೆಸರನ್ನು ಕೇಳದ ಒಬ್ಬ ಹೆಂಗಸು, ಸಿಗಬಹುದಾದುದಕ್ಕೆ ತಾನಾಗಿ ಒಂದು ಗೆರೆ ಎಳೆದಳು ಎಂದಷ್ಟು ಹೇಳಬಹುದು. ಆ ಗೆರೆಯಿಂದಾದ ನಷ್ಟವನ್ನು ಹೊತ್ತವಳು ಅವಳೇ ಎಂಬುದು ಮುಖ್ಯ.

ಆದರೆ ಚರಿತ್ರೆ ಇಂಥ ಸದುದ್ದೇಶಗಳಿಗೆ ಕಾವಲು ನಿಲ್ಲುವುದಿಲ್ಲ. 1917ರ ಕ್ರಾಂತಿಯ ತರುವಾಯ ರಷ್ಯದ ಖಾಸಗಿ ಸಂಗ್ರಹಗಳೆಲ್ಲ ಸರ್ಕಾರದ ವಶವಾದವು; ಅವಳು ಮಾರದೆ ಇದ್ದರೂ ಚಿತ್ರ ಅಲ್ಲಿಗೇ ಸೇರುತ್ತಿತ್ತೋ ಏನೋ. ಅದಕ್ಕಿಂತ ಕಹಿಯಾದ ಸಂಗತಿಯೆಂದರೆ, ಅದೇ ಸರ್ಕಾರ 1930–31ರಲ್ಲಿ ಹಣದ ಅಡಚಣೆಗೆಂದು ಹರ್ಮಿಟೇಜಿನ 21 ಚಿತ್ರಗಳನ್ನು ಅಮೆರಿಕದ ಧನಿಕ ಆಂಡ್ರೂ ಮೆಲನ್ನನಿಗೆ ಗುಟ್ಟಾಗಿ ಮಾರಿತು. ಹೂಗಳಿರುವ ಹುಲ್ಲಿನ ಮೇಲೆ ತಾಯಿ ಕುಳಿತಿರುವ ರಫಾಯೆಲನ ಆಲ್ಬಾ ಮಡೋನ್ನಾ ಅವುಗಳಲ್ಲೊಂದು. ಅದೊಂದಕ್ಕೇ 11 ಲಕ್ಷ ಡಾಲರಿಗೂ ಮಿಕ್ಕ ಬೆಲೆ ಬಂದಿತು. ಅದು ಈಗ ವಾಷಿಂಗ್ಟನ್ ನಗರದಲ್ಲಿದೆ. ಮಾರಿಯಾ ನಂಬಿ ಒಪ್ಪಿಸಿದ ಚಿತ್ರ ಮಾರಾಟವಾಗದೆ ಉಳಿಯಿತು. ನಿಕ್ಷೇಪವನ್ನು ಕಾಯಬೇಕಾದ ಕೈಯೇ ಅದನ್ನು ಸಂತೆಗೆ ಒಯ್ದದ್ದು ಅಲ್ಲಿ ಮಾತ್ರ ನಡೆದ ಸಂಗತಿಯಲ್ಲ; ಟ್ರಸ್ಟಿನ ದಪ್ತರಗಳನ್ನು ನೋಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬ್ರಿಟನ್ನಿನಲ್ಲಿ ಇದೇ ಪ್ರಶ್ನೆ ಬೇರೊಂದು ರೀತಿಯಲ್ಲಿ ಬಗೆಹರಿಯಿತು. ಲಿಯೊನಾರ್ಡೊನ ಈ ಚಿತ್ರವನ್ನು ಮಾದರಿಯಾಗಿಟ್ಟುಕೊಂಡು ರಫಾಯೆಲ್ 1506–07ರ ಸುಮಾರಿಗೆ ಬರೆದ, ಪಿಂಕ್ಸ್ ಎಂಬ ಹೂಗಳನ್ನು ತಾಯಿ ಮಗುವಿಗೆ ನೀಡುತ್ತಿರುವ ಇನ್ನೂ ಚಿಕ್ಕ ಚಿತ್ರವೊಂದು ಅಲ್ಲಿನ ಒಬ್ಬ ಡ್ಯೂಕನ ಮನೆಯಲ್ಲಿತ್ತು. ಬರಿಯ ನಕಲೆಂದು ಎಣಿಸಿದ್ದ ಅದು ಮೂಲವೆಂದು 1991ರಲ್ಲಿ ಗುರುತಿಸಲ್ಪಟ್ಟಿತು. ಅಮೆರಿಕದ ಗೆಟ್ಟಿ ಸಂಗ್ರಹಾಲಯ ಕೊಳ್ಳಲು ಮುಂದಾದಾಗ ಲಂಡನ್ನಿನ ನ್ಯಾಷನಲ್ ಗ್ಯಾಲರಿ ಹಣ ಕೂಡಿಸಿ 2004ರಲ್ಲಿ 2 ಕೋಟಿ 20 ಲಕ್ಷ ಪೌಂಡಿಗೆ ಪಡೆಯಿತು. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಬಂದದ್ದು ಲಾಟರಿಯ ಆದಾಯದಿಂದ ನಡೆಯುವ ನಿಧಿಯಿಂದ. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲು ಎಣಿಸುವ ನಮಗೆ ಇದು ವಿಚಿತ್ರವಾಗಿ ಕಂಡೀತು. ಹೊರಗೆ ಹೋಗಕೂಡದೆಂದು ಹೇಳಿದ ಸಮಾಜ ಅದರ ಬೆಲೆಯನ್ನೂ ತೆತ್ತಿತು, ಇಷ್ಟನ್ನು ಮೆಚ್ಚಲೇಬೇಕು.

ನಮ್ಮ ಮನೆಯ ಪ್ರಶ್ನೆಯನ್ನು ಈಗ ಹೇಳಬಹುದು. ಮಲೆನಾಡಿನ ನಮ್ಮ ಹಿರಿಯರ ಮನೆಯ ದೇವರ ಕೋಣೆಯಲ್ಲಿ ಒಂದು ಗೇಣೆತ್ತರದ ಕೂಷ್ಮಾಂಡಿನಿ ದೇವಿಯ ಕಂಚಿನ ವಿಗ್ರಹವಿದೆ. ನೇಮಿನಾಥ ತೀರ್ಥಂಕರರ ಯಕ್ಷಿ. ಬಲಗೈಯಲ್ಲಿ ಮಾವಿನ ಗೊಂಚಲು, ಎಡತೊಡೆಯ ಮೇಲೆ ಮಗು. ಮುನಿಗೆ ಆಹಾರದಾನ ಮಾಡಿದ ತಪ್ಪಿಗೆ ಮನೆ ಬಿಡಬೇಕಾಗಿ ಬಂದು, ಹಸಿದ ಇಬ್ಬರು ಮಕ್ಕಳೊಡನೆ ಗಿರಿನಾರಿಗೆ ನಡೆದ ತಾಯಿಗೆ ಅಕಾಲದಲ್ಲಿ ಮಾವು ಫಲಿಸಿದ ಕಥೆ ಓದುಗರಿಗೆ ಗೊತ್ತಿದೆ. ಪೀಠದ ಅಕ್ಷರಗಳು ಸವೆದಿವೆ. ಎಂಬತ್ತು ದಾಟಿದ ನಮ್ಮ ತಾಯಿ ಇಂದಿಗೂ ದಿನಬೆಳಗಾದರೆ ಹೂ ಏರಿಸಿ ಕೈಮುಗಿಯುತ್ತಾರೆ.

ಮನೆಯನ್ನೂ ತೋಟವನ್ನೂ ನೋಡಿಕೊಂಡಿರುವವರು ನಮ್ಮ ಅಣ್ಣ. ಅಡಿಕೆಗೆ ಹಳದಿ ಎಲೆ ರೋಗ ತಗುಲಿ ಫಸಲು ಕುಗ್ಗಿತು, ಸಾಲ ಬೆಳೆಯಿತು. ಆ ಸಮಯಕ್ಕೆ ಸರಿಯಾಗಿ ಪಟ್ಟಣದಿಂದ ಒಬ್ಬ ವ್ಯಾಪಾರಿ ಬಂದು ವಿಗ್ರಹವನ್ನು ತಿರುಗಿಸಿ ನೋಡಿ, ಸಾಲವೆಲ್ಲ ತೀರಿ ಮಿಗುವಷ್ಟು ಮೊತ್ತವನ್ನು ನುಡಿದುಹೋದ. ಕಾನೂನು ಇಂಥ ವ್ಯವಹಾರಕ್ಕೆ ಎಡೆಗೊಡುವುದಿಲ್ಲ. 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ಮೀರಿದ ವಿಗ್ರಹವನ್ನು ನೋಂದಾಯಿಸಬೇಕು. ಪರವಾನಗಿಯಿಲ್ಲದವನು ಅದರ ವ್ಯಾಪಾರ ಮಾಡುವಂತಿಲ್ಲ. ಖಾಸಗಿಯವರು ದೇಶದಾಚೆಗೆ ಸಾಗಿಸುವಂತಿಲ್ಲ. ಆತನ ಬಳಿ ಯಾವ ಪರವಾನಗಿಯೂ ಇರಲಿಲ್ಲ.

ಅಣ್ಣ ನಮ್ಮನ್ನೆಲ್ಲ ಕರೆಸಿದರು. ಮಾರಕೂಡದೆಂದು ನಾವು ತಮ್ಮಂದಿರಿಬ್ಬರೂ ಒಂದೇ ಉಸಿರಿನಲ್ಲಿ ಹೇಳಿದೆವು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿಯಪ್ಪಾ, ಬ್ಯಾಂಕಿನವರಿಗೆ ನೀವೇ ಹಾಗೆ ಹೇಳಿ" ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಬಸದಿಗೆ ಒಪ್ಪಿಸಿರೆಂದು ಇಂದ್ರರು ಸೂಚಿಸಿದರು. ಕಳವಿನ ಭಯದಿಂದ ಸಮಿತಿಯವರು ಅದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ, ವರ್ಷಕ್ಕೊಮ್ಮೆ ಜಾತ್ರೆಯ ದಿನ ಹೊರಗೆ ತರುತ್ತಾರೆ. ಅವರನ್ನು ದೂರುವಂತೆಯೂ ಇಲ್ಲ, ಕಳವು ಸುಳ್ಳಲ್ಲ. "ಇಷ್ಟು ವರ್ಷ ದಿನಾ ನೋಡಿದ ದೇವಿಯನ್ನು ವರ್ಷಕ್ಕೊಂದು ಸಲ ನೋಡಲಾ?" ಎಂದರು ಅಮ್ಮ.

ಹರ್ಮಿಟೇಜಿನ ಇನ್ನೊಂದು ಸಂಗತಿ ನನಗೆ ಆಗ ನೆನಪಾಯಿತು. 1941ರಲ್ಲಿ ಜರ್ಮನ್ ಸೈನ್ಯ ಆ ನಗರದತ್ತ ನುಗ್ಗಿದಾಗ ಅಲ್ಲಿಯ ಚಿತ್ರಗಳನ್ನು ಚೌಕಟ್ಟಿನಿಂದ ತೆಗೆದು ರೈಲಿನಲ್ಲಿ ಉರಾಲ್ ಪ್ರಾಂತ್ಯಕ್ಕೆ ಸಾಗಿಸಿದರು. ಖಾಲಿ ಚೌಕಟ್ಟುಗಳು ಗೋಡೆಯ ಮೇಲೆ ಉಳಿದವು. ಮುತ್ತಿಗೆಯ ಆ ಹಸಿವಿನ ದಿನಗಳಲ್ಲಿ ಸಂಗ್ರಹಾಲಯದ ಮಾರ್ಗದರ್ಶಿಯೊಬ್ಬರು ಸೈನಿಕರನ್ನು ಆ ಚೌಕಟ್ಟುಗಳ ಮುಂದೆ ನಿಲ್ಲಿಸಿ, ಇಲ್ಲಿ ಈ ಚಿತ್ರವಿತ್ತು, ಹೀಗಿತ್ತು ಎಂದು ವರ್ಣಿಸುತ್ತ ನಡೆದರಂತೆ. ನಮ್ಮವರು ಸ್ಥಾಪನಾ ನಿಕ್ಷೇಪದಲ್ಲಿ ಆಕಾರವಿಲ್ಲದ ಸ್ಥಾಪನೆಯನ್ನೂ ಒಪ್ಪಿದ್ದಾರೆ. ಅಕ್ಕಿಯ ಕಾಳಿನಲ್ಲಿಯೂ ಭಗವಂತರನ್ನು ಭಾವಿಸಬಹುದು. ತತ್ತ್ವದಲ್ಲಿ ನೋಡಿದರೆ ದೇವಿಯಿಲ್ಲದ ಗೂಡಿನ ಮುಂದೆಯೂ ಅಮ್ಮ ಕೈಮುಗಿಯಬಹುದಿತ್ತು. ಎಂಬತ್ತು ದಾಟಿದ ತಾಯಿಯೊಡನೆ ಈ ತತ್ತ್ವವನ್ನು ಆಡುವ ಧೈರ್ಯ ನನಗಾಗಲಿಲ್ಲ, ಆಗಬೇಕೆಂದೂ ಅನ್ನಿಸಲಿಲ್ಲ.

ಮಾರಿಯಾ ಬೆನುವಾಳ ವಿಷಯವನ್ನು ನಾನು ಮತ್ತೆ ಮತ್ತೆ ಯೋಚಿಸಿದ್ದು ಇದಕ್ಕಾಗಿ. ಅವಳ ನಿರಾಕರಣೆಯ ಬೆಲೆಯನ್ನು ಅವಳೇ ಕೊಟ್ಟಳು. ನಾವಾದರೋ ಬೇರೆಯವರು ಬೆಲೆ ತೆರಬೇಕಾದ ನಿರಾಕರಣೆಯನ್ನು ಧರ್ಮವೆಂದು ಬಹಳ ಸುಲಭವಾಗಿ ಕರೆಯುತ್ತೇವೆ. ಸಮಾಜದ ಸಭೆಗಳಲ್ಲಿ ಹಳೆಯ ವಿಗ್ರಹ, ತಾಳೆಗರಿಗಳನ್ನು ಯಾರೂ ಮಾರಕೂಡದೆಂದು ಭಾಷಣ ಮಾಡುವವರು, ಅವುಗಳನ್ನಿಟ್ಟುಕೊಂಡಿರುವ ಬಡ ಮನೆಯ ಮಾಡು ಸೋರುತ್ತಿದೆಯೇ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಬಸದಿಯ ನಿಧಿಯಲ್ಲಿ ಅಂಥ ಮನೆಗಳಿಗೆಂದು ಒಂದು ಪಾಲು ತೆಗೆದಿರಿಸುವುದು ಸಮಿತಿಗಳಿಗೆ ಅಸಾಧ್ಯವೇನಲ್ಲ. ಬೆಳ್ಳಿಯ ಕವಚ ಒಂದು ವರ್ಷ ತಡವಾದೀತು.

ನಾವು ತಮ್ಮಂದಿರಿಬ್ಬರು ಸಾಲದಲ್ಲಿ ಒಂದೊಂದು ಪಾಲನ್ನು ಹೊತ್ತುಕೊಂಡೆವು. ನನ್ನ ಪಿಂಚಣಿಯಿಂದ ತಿಂಗಳು ತಿಂಗಳು ಕಂತು ಹೋಗುತ್ತಿದೆ. ಅಣ್ಣ ಹಳದಿ ಎಲೆಯ ಗಿಡಗಳನ್ನು ಕಡಿಸಿ ಕಾಫಿಯನ್ನೂ ಕಾಳುಮೆಣಸನ್ನೂ ಇಡಿಸಿದ್ದಾರೆ. ಅದು ಕೈಹಿಡಿಯಲು ಇನ್ನೂ ಕೆಲವು ವರ್ಷ ಬೇಕು. ಆ ವ್ಯಾಪಾರಿ ಮತ್ತೊಮ್ಮೆ ಫೋನ್ ಮಾಡಿ ಮೊತ್ತವನ್ನು ಏರಿಸಿದ. ಅಣ್ಣ ಅದನ್ನು ನಮಗೆ ತಿಳಿಸಿದ್ದು ಎರಡು ತಿಂಗಳ ಮೇಲೆ.

ನೋಂದಣಿಯ ಅರ್ಜಿಗೆ ವಿಗ್ರಹದ ಭಾವಚಿತ್ರಗಳು ಬೇಕು. ಛಾಯಾಗ್ರಾಹಕ ಬಂದ ದಿನ ಅಮ್ಮ ತಾವೇ ಹೂಗಳನ್ನೆಲ್ಲ ಒಂದೊಂದಾಗಿ ತೆಗೆದು ತಟ್ಟೆಯಲ್ಲಿಟ್ಟರು. ಹೂವಿಲ್ಲದ ದೇವಿಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅಂದೇ. ಮಗುವಿನ ಮುಖ ಅಭಿಷೇಕದ ನೀರಿಗೆ ಸವೆದು ನುಣುಪಾಗಿತ್ತು. ಕಣ್ಣು ಬಾಯಿ ಒಂದೂ ಗುರುತು ಸಿಗಲಿಲ್ಲ. ಅದರ ಎಡಗೈ ಮಾತ್ರ ಸ್ಪಷ್ಟವಾಗಿ ಉಳಿದಿತ್ತು. ತಾಯಿಯ ಮೊಲೆಯನ್ನು ದಾಟಿ, ಮಾವಿನ ಗೊಂಚಲಿನತ್ತ ಚಾಚಿತ್ತು.